ಹಕೀಮ್ ಅಜ್ಮಲ್ ಖಾನ್: ದವಾಖಾನೆಗೆ ಸನದು ತಂದವರು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರೂ ಆಸ್ಪತ್ರೆ ಎನ್ನುವುದಿಲ್ಲ, ದವಾಖಾನಿ ಎನ್ನುತ್ತಾರೆ. ಸರ್ಕಾರಿ ದವಾಖಾನಿ, ಹಲ್ಲಿನ ದವಾಖಾನಿ, ದನದ ದವಾಖಾನಿ. ಅರಬ್ಬಿಯ ‘ದವಾ’, ಫಾರಸಿಯ ‘ಖಾನಾ’ ಸೇರಿ ಆದ ಈ ಮಾತು ಔಷಧದ ಮನೆ ಎಂಬ ಅರ್ಥ ಕೊಡುತ್ತದೆ. ಯುನಾನಿ ಹಕೀಮರು ನಾಡಿನ ತುಂಬ ರೋಗಿಗಳನ್ನು ನೋಡುತ್ತಿದ್ದ ಕಾಲದಿಂದ ಬಂದ ಮಾತು ಇದು. ಮಾತು ಉಳಿಯಿತು. ಹಕೀಮರ ವಿದ್ಯೆಯೂ ಉಳಿದು, ಇಂದು ಸರ್ಕಾರದ ಮಾನ್ಯತೆ ಇರುವ ಪದವಿಯಾಗಿ ನಮ್ಮ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳ ಮುಂದೆ ಒಂದು ಆಯ್ಕೆಯಾಗಿ ನಿಂತಿದೆ. ಇದು ತಾನಾಗಿಯೇ ಆದದ್ದಲ್ಲ. ದೆಹಲಿಯ ಒಬ್ಬ ಹಕೀಮರು ಇದಕ್ಕಾಗಿ ತಮ್ಮ ಆಯುಷ್ಯದ ದೊಡ್ಡ ಪಾಲನ್ನು ಕೊಟ್ಟಿದ್ದರು. ಅವರ ಹೆಸರು ಹಕೀಮ್ ಅಜ್ಮಲ್ ಖಾನ್.

ಇತಿಹಾಸದ ಪಾಠದಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: 1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಅದಾದ ಮೂರು ವರ್ಷಕ್ಕೆ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಕುಳಿತ ಕುರ್ಚಿ ಅದು. ಆದರೆ ಅವರ ರಾಜಕೀಯಕ್ಕಿಂತ ಅವರ ವೈದ್ಯಕೀಯದ ಹೋರಾಟವೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಇಲ್ಲಿ ಅದನ್ನೇ ಹೆಚ್ಚು ಹೇಳುತ್ತೇನೆ.

ಅಜ್ಮಲ್ ಖಾನರು ಹುಟ್ಟಿದ್ದು 1868ರ ಫೆಬ್ರವರಿಯಲ್ಲಿ, ದೆಹಲಿಯಲ್ಲಿ. ಮನೆತನದ ಹಿರಿಯರು ಬಾಬರನ ಕಾಲದಲ್ಲಿ ಮಧ್ಯ ಏಷ್ಯಾದಿಂದ ಬಂದವರೆಂದು ಹೇಳುತ್ತಾರೆ. ಅವರಲ್ಲಿ ಹಕೀಮ್ ಶರೀಫ್ ಖಾನ್ ಎಂಬವರು ಮೊಗಲ್ ಬಾದಶಾಹ ಶಾ ಆಲಂನ ವೈದ್ಯರಾಗಿದ್ದರು. ಅವರ ಹೆಸರಿನಿಂದಲೇ ಮನೆತನಕ್ಕೆ ಖಾನ್ದಾನ್-ಎ-ಶರೀಫಿ ಎಂಬ ಹೆಸರು ಬಂತು. ಬಲ್ಲಿಮಾರಾನ್ ಓಣಿಯಲ್ಲಿದ್ದ ಅವರ ಮನೆ ಶರೀಫ್ ಮಂಜಿಲ್. ಅದೇ ದವಾಖಾನೆ, ಅದೇ ಪಾಠಶಾಲೆ. ರೋಗಿಗಳಿಗೆ ಔಷಧ, ಶಿಷ್ಯರಿಗೆ ಪಾಠ, ಎರಡೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು.

ಆಗ ಹಕೀಮರಾಗುವ ದಾರಿ ಇಂದಿನಂತೆ ಇರಲಿಲ್ಲ. ಬಾಲಕ ಅಜ್ಮಲ್ ಮೊದಲು ಕುರ್‌ಆನ್ ಬಾಯಿಪಾಠ ಮಾಡಿ ಹಾಫಿಜ್ ಆದರು. ಆಮೇಲೆ ಅರಬ್ಬಿ, ಫಾರಸಿ. ಈ ಭಾಷೆಗಳು ಬಂದ ಮೇಲಷ್ಟೇ ತಿಬ್, ಅಂದರೆ ವೈದ್ಯಶಾಸ್ತ್ರ. ಯುನಾನಿ ಎಂದರೆ ಯುನಾನ್ ದೇಶದ್ದು, ಗ್ರೀಸಿನದು. ಅಲ್ಲಿನ ಬುಖ್ರಾತ್ ಮತ್ತು ಜಾಲೀನೂಸ್, ಅಂದರೆ ಹಿಪೊಕ್ರೆಟಿಸ್ ಮತ್ತು ಗೇಲನ್, ಹಾಕಿದ ಬುನಾದಿಯ ಮೇಲೆ ಇಬ್ನ್ ಸೀನಾರಂಥ ಪಂಡಿತರು ಅರಬ್ಬಿಯಲ್ಲಿ ಕಟ್ಟಿದ ಶಾಸ್ತ್ರ ಅದು. ದೇಹದಲ್ಲಿ ನಾಲ್ಕು ರಸ: ದಮ್, ಬಲ್ಗಮ್, ಸಫ್ರಾ, ಸೌದಾ. ಇವು ಹದ ತಪ್ಪಿದರೆ ರೋಗ. ಹಕೀಮ ನಾಡಿ ಹಿಡಿದು, ರೋಗಿಯ ಮಿಜಾಜು ತಿಳಿದು, ಪಥ್ಯ ಮತ್ತು ಔಷಧದಿಂದ ಹದಕ್ಕೆ ತರಬೇಕು. ಶಿಷ್ಯನಾದವನು ಇಬ್ನ್ ಸೀನಾರ ‘ಅಲ್ ಖಾನೂನ್’ ಮತ್ತು ಅದರ ಮೇಲಿನ ವ್ಯಾಖ್ಯಾನಗಳನ್ನು ಗುರುವಿನ ಮುಂದೆ ಕೂತು ಓದಬೇಕು. ನಂತರ ಗುರುವಿನ ಮತಬ್, ಅಂದರೆ ರೋಗಿಗಳನ್ನು ನೋಡುವ ಜಾಗದಲ್ಲಿ, ವರ್ಷಗಟ್ಟಲೆ ಕೂತು ನುಸ್ಖಾ ಬರೆದುಕೊಳ್ಳಬೇಕು. ಗುರುವಿಗೆ ಸಮಾಧಾನವಾದ ದಿನ ಅವರೇ ಸನದು ಬರೆದು ಕೊಡುತ್ತಿದ್ದರು. ಅದೇ ಲೈಸೆನ್ಸು. ಗುರುವಿನ ಹೆಸರು ಎಷ್ಟು ದೊಡ್ಡದೋ ಶಿಷ್ಯನ ಸನದಿಗೆ ಅಷ್ಟು ಬೆಲೆ.

ಈ ಪದ್ಧತಿಯಲ್ಲಿ ಒಳ್ಳೆಯದು ಬಹಳ ಇತ್ತು. ಒಂದು ದೋಷವೂ ಇತ್ತು. ಒಳ್ಳೆಯ ಗುರುವಿನ ಹತ್ತಿರ ಕಲಿತವನಿಗೂ, ನಾಲ್ಕು ಪುಡಿ ಪೊಟ್ಟಣ ಇಟ್ಟುಕೊಂಡು ಹಕೀಮ ಎಂದು ಹೇಳಿಕೊಂಡವನಿಗೂ ಇರುವ ವ್ಯತ್ಯಾಸ ಹಳ್ಳಿಯ ರೋಗಿಗೆ ತಿಳಿಯುವ ಬಗೆ ಇರಲಿಲ್ಲ. ಇದನ್ನು ಮನೆಯವರೇ ಮೊದಲು ಕಂಡುಕೊಂಡರು. ಅಜ್ಮಲ್ ಖಾನರ ಹಿರಿಯಣ್ಣ ಹಕೀಮ್ ಅಬ್ದುಲ್ ಮಜೀದ್ ಖಾನರು 1880ರ ದಶಕದಲ್ಲಿ ದೆಹಲಿಯಲ್ಲಿ ಮದ್ರಸಾ ತಿಬ್ಬಿಯಾ ತೆರೆದರು. ಅಲ್ಲಿ ತರಗತಿ ಇತ್ತು, ಪರೀಕ್ಷೆ ಇತ್ತು, ಹಳೆಯ ಗ್ರಂಥಗಳ ಜೊತೆಗೆ ಪಾಶ್ಚಾತ್ಯ ರೀತಿಯ ಅಂಗರಚನಾ ಶಾಸ್ತ್ರದ ಪಾಠವೂ ಇತ್ತು. ಮನೆತನದ ವಿದ್ಯೆಯನ್ನು ಹೊರಗಿನವರಿಗೆ ಹಂಚುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

1892ರಿಂದ 1902ರವರೆಗೆ ಅಜ್ಮಲ್ ಖಾನರು ರಾಮಪುರದ ನವಾಬರ ಮುಖ್ಯ ವೈದ್ಯರಾಗಿದ್ದರು. ಅಲ್ಲಿನ ಪ್ರಸಿದ್ಧ ಗ್ರಂಥಾಲಯವೂ ಅವರ ಉಸ್ತುವಾರಿಯಲ್ಲಿತ್ತು. ಆ ಹತ್ತು ವರ್ಷ ಅವರು ಓದಿದ್ದೇ ಓದಿದ್ದು. ‘ಶೈದಾ’ ಎಂಬ ಹೆಸರಿನಲ್ಲಿ ಕವಿತೆಯನ್ನೂ ಬರೆಯುತ್ತಿದ್ದರು. ಹಿರಿಯಣ್ಣ ತೀರಿಕೊಂಡರು, ನಂತರ ಇನ್ನೊಬ್ಬ ಅಣ್ಣ ವಾಸಿಲ್ ಖಾನರೂ ತೀರಿಕೊಂಡರು. ಶರೀಫ್ ಮಂಜಿಲ್ಲಿನ ರೋಗಿಗಳು, ಮದ್ರಸಾದ ವಿದ್ಯಾರ್ಥಿಗಳು, ಎರಡರ ಭಾರವೂ ಅಜ್ಮಲ್ ಖಾನರ ಮೇಲೆ ಬಿತ್ತು. ದೆಹಲಿಯ ರೋಗಿಗಳಿಂದ ಅವರು ಫೀ ತೆಗೆದುಕೊಳ್ಳುತ್ತಿರಲಿಲ್ಲ ಎಂದೂ, ರಾಜಮಹಾರಾಜರು ಊರಿಗೆ ಕರೆಸಿಕೊಂಡರೆ ದಿನಕ್ಕೆ ಸಾವಿರ ರೂಪಾಯಿ ಪಡೆಯುತ್ತಿದ್ದರೆಂದೂ ಹೇಳುವುದುಂಟು. ಬ್ರಿಟಿಷ್ ಸರ್ಕಾರ ಅವರಿಗೆ ‘ಹಾಜಿಕ್-ಉಲ್-ಮುಲ್ಕ್’ ಎಂಬ ಬಿರುದು ಕೊಟ್ಟಿತು.

ಬಿರುದು ಕೊಟ್ಟ ಅದೇ ಸರ್ಕಾರ ಅವರ ವಿದ್ಯೆಗೆ ಪೆಟ್ಟು ಕೊಡಲು ಹೊರಟಿತು. ಇದು ನಮ್ಮ ಭಾಗಕ್ಕೂ ಸಂಬಂಧಪಟ್ಟ ಸಂಗತಿ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಗೋಕಾಕ, ಹುಕ್ಕೇರಿಗೆ ಮುಂಬಯಿಯ ಕಾನೂನೇ ಕಾನೂನು. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲೇ ಇತ್ತು. 1910ರ ಹೊತ್ತಿಗೆ ಮುಂಬಯಿ ಸರ್ಕಾರ ಡಾಕ್ಟರರ ನೋಂದಣಿಗೆ ಕಾನೂನು ಮಾಡುವ ಸಿದ್ಧತೆ ನಡೆಸಿತು, 1912ರಲ್ಲಿ ಅದು ಜಾರಿಗೆ ಬಂತು. ಮಾನ್ಯತೆ ಪಡೆದ ಪಾಶ್ಚಾತ್ಯ ವೈದ್ಯಕೀಯ ಕಾಲೇಜುಗಳಲ್ಲಿ ಕಲಿತವರ ಹೆಸರು ಮಾತ್ರ ಪಟ್ಟಿಗೆ ಸೇರುವುದು. ಕಾನೂನು ಕೇಳುವ ವೈದ್ಯಕೀಯ ಸರ್ಟಿಫಿಕೇಟಿಗೆ ಪಟ್ಟಿಯಲ್ಲಿದ್ದವರ ಸಹಿ ಮಾತ್ರ ನಡೆಯುವುದು. ಹಕೀಮರು, ವೈದ್ಯರು ಔಷಧ ಕೊಡಬಾರದೆಂದು ಕಾನೂನು ಹೇಳಲಿಲ್ಲ. ಆದರೆ ಸರ್ಕಾರದ ಕಣ್ಣಿಗೆ ಅವರು ಡಾಕ್ಟರರೇ ಅಲ್ಲ ಎಂದಾಯಿತು. ಮದ್ರಾಸ್, ಬಂಗಾಳಗಳೂ 1914ರಲ್ಲಿ ಇಂಥದೇ ಕಾನೂನು ತಂದವು.

ಇದೇ ಕಾಲಕ್ಕೆ ಅಮೆರಿಕದಲ್ಲೂ ಇಂಥದೊಂದು ಜಗಳ ನಡೆದಿತ್ತು. ಅದನ್ನು ಇಲ್ಲಿ ಹೇಳಿದರೆ ಅಜ್ಮಲ್ ಖಾನರ ಕೆಲಸ ಇನ್ನೂ ಸ್ಪಷ್ಟವಾಗುತ್ತದೆ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಡಾಕ್ಟರರು 1864ರಲ್ಲಿ ಮಿದುಳು ಜ್ವರಕ್ಕೆ ತಮ್ಮ ಮೂವರು ಮಕ್ಕಳನ್ನು ಕಳೆದುಕೊಂಡರು. ತಾವು ಕಲಿತ ವೈದ್ಯದ ಮೇಲಿನ ನಂಬಿಕೆಯೇ ಅವರಿಗೆ ಹೋಯಿತು. ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿ ಎಂಬ ಪದ್ಧತಿಯನ್ನು ಅವರು ಕಟ್ಟಿದರು. 1892ರಲ್ಲಿ ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್ ಊರಿನಲ್ಲಿ ಶಾಲೆ ತೆರೆದು, ಮೊದಲ ತಂಡದಲ್ಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು. ಉಳಿದ ಡಾಕ್ಟರರು ಇವರನ್ನು ಡಾಕ್ಟರರೆಂದು ಒಪ್ಪಲಿಲ್ಲ. 1896ರಲ್ಲಿ ವರ್ಮಾಂಟ್ ರಾಜ್ಯ ಮೊದಲು ಲೈಸೆನ್ಸ್ ಕೊಟ್ಟಿತು. ಆಮೇಲೆ ಒಂದೊಂದೇ ರಾಜ್ಯ, ಒಂದೊಂದೇ ಜಗಳ. ಆಸ್ಟಿಯೋಪಥಿಯವರು ಹಟ ಹಿಡಿದು ತಮ್ಮ ಕಾಲೇಜುಗಳಲ್ಲಿ ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿಸತೊಡಗಿದರು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಸಾವಿರ ಡಿ.ಓ.ಗಳಿಗೆ 65 ಡಾಲರ್ ಶುಲ್ಕ ಕಟ್ಟಿಸಿಕೊಂಡು ಎಂ.ಡಿ. ಪದವಿ ಕೊಟ್ಟುಬಿಟ್ಟರು. ನಿನ್ನೆಯವರೆಗೆ ಡಾಕ್ಟರಲ್ಲ ಎನಿಸಿಕೊಂಡವರು 65 ಡಾಲರಿಗೆ ಡಾಕ್ಟರಾದರು! ಇಂದು ಅಲ್ಲಿ ಡಿ.ಓ. ಆಗಬೇಕೆಂದರೆ ಪದವಿಯ ಮೇಲೆ ನಾಲ್ಕು ವರ್ಷದ ಕಾಲೇಜು, ಎಂ.ಡಿ.ಯವರು ಓದುವುದರ ಜೊತೆಗೆ ಸುಮಾರು 200 ತಾಸು ಕೈಚಿಕಿತ್ಸೆಯ ಪಾಠ, ಕಾಮ್ಲೆಕ್ಸ್ ಎಂಬ ಹಂತ ಹಂತದ ಪರೀಕ್ಷೆ, ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಕೊನೆಗೆ ರಾಜ್ಯದ ಲೈಸೆನ್ಸ್. ಎಲ್ಲ 50 ರಾಜ್ಯಗಳಲ್ಲೂ ಅವರು ಔಷಧ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ 1993ರ ಕಾನೂನಿನಂತೆ ಆಸ್ಟಿಯೋಪಥರಿಗೆ ಪ್ರತ್ಯೇಕ ಪಟ್ಟಿ, ಅವರು ಕೈಚಿಕಿತ್ಸೆಗೆ ಮಾತ್ರ ಸೀಮಿತ.

ಹೊಸ ಪದ್ಧತಿಯವರಾದ ಅಮೆರಿಕದವರಿಗೇ ಇಷ್ಟು ಕಷ್ಟವಾಯಿತು. ಸಾವಿರ ವರ್ಷದ ಹಳೆಯ ಶಾಸ್ತ್ರವನ್ನು ಹೊತ್ತು, ಪರದೇಶದ ಸರ್ಕಾರದ ಮುಂದೆ ನಿಲ್ಲಬೇಕಾದ ಅಜ್ಮಲ್ ಖಾನರ ಪಾಡು ಹೇಗಿದ್ದೀತು!

ಅವರು ಮೊದಲು ಮಾಡಿದ ಕೆಲಸವೇ ಅವರ ಸ್ವಭಾವ ತೋರಿಸುತ್ತದೆ. 1910ರಲ್ಲಿ ಅಖಿಲ ಭಾರತ ವೈದಿಕ ಮತ್ತು ಯುನಾನಿ ತಿಬ್ಬಿ ಕಾನ್ಫರೆನ್ಸ್ ಕಟ್ಟಿದರು. ಹಕೀಮರ ಜೊತೆಗೆ ಆಯುರ್ವೇದದ ವೈದ್ಯರನ್ನೂ ಕರೆದು ಒಂದೇ ಜಮಖಾನೆಯ ಮೇಲೆ ಕೂರಿಸಿದರು. ಕಾನೂನಿನ ಪೆಟ್ಟು ಇಬ್ಬರ ಮೇಲೂ ಬೀಳುವಂಥದು, ಎದುರಿಸುವುದೂ ಇಬ್ಬರೂ ಸೇರಿಯೇ ಎಂಬುದು ಅವರ ಲೆಕ್ಕ. ಎಲ್ಲ ಹಕೀಮರೂ ಇದನ್ನು ಮೆಚ್ಚಲಿಲ್ಲ. ಲಖನೌದಲ್ಲಿ 1902ರಲ್ಲಿ ತಕ್ಮೀಲ್-ಉತ್-ತಿಬ್ ಶಾಲೆ ತೆರೆದಿದ್ದ ಅಜೀಜಿ ಮನೆತನದವರ ದಾರಿ ಬೇರೆಯೇ ಇತ್ತು. ಯುನಾನಿಯಲ್ಲಿ ಹೊರಗಿನದನ್ನು ಬೆರೆಸಿದರೆ ಅದು ಯುನಾನಿಯಾಗಿ ಉಳಿದೀತೇ ಎಂಬ ಅನುಮಾನ ಅವರ ಪಕ್ಷದ್ದು. ಆ ಅನುಮಾನವನ್ನು ತೀರ ತಳ್ಳಿಹಾಕುವಂತಿಲ್ಲ. ಈ ಜಗಳ ಯುನಾನಿ ಕಾಲೇಜುಗಳಲ್ಲಿ ಇಂದಿಗೂ ಮುಗಿದಿಲ್ಲ.

1911ರಲ್ಲಿ ಅವರು ಯುರೋಪಿಗೆ ಹೋದರು. ಲಂಡನ್, ಪ್ಯಾರಿಸ್, ಬರ್ಲಿನ್‌ಗಳ ಆಸ್ಪತ್ರೆ, ಕಾಲೇಜುಗಳನ್ನು ನೋಡಿದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಡಾ. ಮುಖ್ತಾರ್ ಅಹಮದ್ ಅನ್ಸಾರಿಯವರು ಆಗ ಡಾಕ್ಟರಾಗಿದ್ದರು. ಮುಂದೆ ಇಬ್ಬರೂ ಆಪ್ತ ಗೆಳೆಯರಾದರು. ಆ ಆಸ್ಪತ್ರೆಯದೊಂದು ಕಥೆ ಹಕೀಮರ ವಲಯದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತದೆ. ಒಬ್ಬ ರೋಗಿಯ ಹೊಟ್ಟೆನೋವಿಗೆ ಅಲ್ಲಿನ ಹಿರಿಯ ಸರ್ಜನ್ ಒಂದು ಕಾರಣ ಹೇಳಿದರಂತೆ, ನಾಡಿ ಹಿಡಿದ ಹಕೀಮರು ಇನ್ನೊಂದು ಹೇಳಿದರಂತೆ, ಹೊಟ್ಟೆ ಕೊಯ್ದು ನೋಡಿದಾಗ ಹಕೀಮರ ಮಾತೇ ನಿಜವಾಯಿತಂತೆ. ಹೇಳುವವರಿಗೂ ಕೇಳುವವರಿಗೂ ಇದು ಹೆಮ್ಮೆಯ ಕಥೆ. ಆದರೆ ಹಕೀಮ್ ಸಾಹೇಬರು ಊರಿಗೆ ಬಂದ ಮೇಲೆ ಈ ಗೆಲುವನ್ನು ನೆಚ್ಚಿ ಕೂರಲಿಲ್ಲ. ಅಲ್ಲಿ ಕಂಡದ್ದನ್ನು ಇಲ್ಲಿ ಕಟ್ಟಲು ಹೊರಟರು: ವಾರ್ಡು ಇರುವ ಆಸ್ಪತ್ರೆ, ಪ್ರಯೋಗಶಾಲೆ, ಗ್ರಂಥಾಲಯ, ವಿದ್ಯಾರ್ಥಿ ನಿಲಯ, ಎಲ್ಲ ಸೇರಿದ ಒಂದು ಕಾಲೇಜು.

ಅದಕ್ಕೆ ಮೊದಲೇ, 1909ರಲ್ಲಿ, ಹೆಣ್ಣುಮಕ್ಕಳಿಗೂ ಸೂಲಗಿತ್ತಿಯರಿಗೂ ತರಬೇತಿ ಕೊಡುವ ಶಾಲೆಯನ್ನು ಅವರು ತೆರೆದಿದ್ದರು. ಪರ್ದಾದಲ್ಲಿದ್ದ ಹೆಂಗಸರು ಗಂಡು ವೈದ್ಯರ ಮುಂದೆ ಬರುವುದಿಲ್ಲ, ಹೆರಿಗೆಯಲ್ಲಿ ಸಾಯುತ್ತಾರೆ, ಅದಕ್ಕೆ ಕಲಿತ ಹೆಂಗಸರೇ ಬೇಕು ಎಂಬುದು ಅವರ ವಿಚಾರ. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಹುಡುಗಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಆಗಿನ ದೆಹಲಿಯ ಶರೀಫ ಮನೆತನದ ಒಬ್ಬ ಹಾಫಿಜ್ ಸಾಹೇಬರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ ಕೆಲಸ ಅದು.

ಕಾಲೇಜಿಗೆ ಹಣ ಬೇಕು. ಒಂದು ಪಾಲು ಸಂಸ್ಥಾನಿಕರ ದೇಣಿಗೆಯಿಂದ ಬಂತು. ಇನ್ನೊಂದು ಪಾಲು ಹಿಂದೂಸ್ತಾನಿ ದವಾಖಾನಾ ಎಂಬ ಅವರದೇ ಔಷಧ ತಯಾರಿಕೆಯ ಸಂಸ್ಥೆಯಿಂದ. ಮನೆತನದವರು ತಲೆಮಾರುಗಳಿಂದ ಗುಟ್ಟಾಗಿ ಕಾಪಾಡಿಕೊಂಡ ನುಸ್ಖಾಗಳನ್ನು ಅಲ್ಲಿ ಒಂದೇ ಅಳತೆಯಲ್ಲಿ, ಒಂದೇ ಗುಣಮಟ್ಟದಲ್ಲಿ ತಯಾರಿಸಿ ಮಾರಿದರು. ಬಂದ ಲಾಭ ಕಾಲೇಜಿಗೆ. 1916ರ ಮಾರ್ಚ್ 29ರಂದು ದೆಹಲಿಯ ಕರೋಲ್ ಬಾಗಿನಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಕಾಲೇಜಿನ ಅಡಿಗಲ್ಲು ಹಾಕಿದರು. 1921ರ ಫೆಬ್ರವರಿ 13ರಂದು ಉದ್ಘಾಟನೆ ಮಾಡಿದವರು ಮಹಾತ್ಮ ಗಾಂಧಿ. ಅಡಿಗಲ್ಲಿಗೆ ವೈಸರಾಯ್, ಉದ್ಘಾಟನೆಗೆ ಗಾಂಧಿ. ನಡುವಿನ ಐದು ವರ್ಷಗಳಲ್ಲಿ ದೇಶವೂ ಹಕೀಮರೂ ಎಷ್ಟು ಬದಲಾದರೆಂಬುದು ಇದರಲ್ಲೇ ಗೊತ್ತಾಗುತ್ತದೆ. ಹೆಸರು ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜು, ಎರಡೂ ಶಾಸ್ತ್ರ ಒಂದೇ ಆವರಣದಲ್ಲಿ. ಗಾಂಧೀಜಿಗೆ ಪಾಶ್ಚಾತ್ಯ ವೈದ್ಯದ ಮೇಲೆ ಎಷ್ಟೋ ಆಕ್ಷೇಪಣೆಗಳಿದ್ದವು. ಆದರೂ ಅಂದಿನ ಭಾಷಣದಲ್ಲಿ ಅವರು ಪಾಶ್ಚಾತ್ಯ ವಿಜ್ಞಾನಿಗಳ ಶೋಧಕ ಬುದ್ಧಿಯನ್ನು ಹೊಗಳಿದರು. ಸಮಾರಂಭದಲ್ಲಿ ಹಾರ ತುರಾಯಿಯ ಮಾತು ಮಾತ್ರ ಆಡಿ ಹೋಗುವವರಲ್ಲ ಗಾಂಧಿ. ಅಜ್ಮಲ್ ಖಾನರಿಗೂ ಬೇಕಾದದ್ದು ಆ ಶೋಧಕ ಬುದ್ಧಿಯೇ.

ರಾಜಕೀಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1906ರಲ್ಲಿ ಢಾಕಾದಲ್ಲಿ ಮುಸ್ಲಿಂ ಲೀಗ್ ಹುಟ್ಟಿದಾಗ ಅವರು ಅಲ್ಲಿದ್ದರು, ಆಗ ಸರ್ಕಾರದ ಮೇಲೆ ವಿಶ್ವಾಸವಿಟ್ಟವರು. ಮೊದಲ ಮಹಾಯುದ್ಧ, ರೌಲಟ್ ಕಾಯ್ದೆ, ಜಲಿಯನ್‌ವಾಲಾಬಾಗ್, ಖಿಲಾಫತ್ ಇವೆಲ್ಲ ಅವರನ್ನು ಬೇರೆ ಮನುಷ್ಯನನ್ನಾಗಿ ಮಾಡಿದವು. 1920ರಲ್ಲಿ ಸರ್ಕಾರದ ಬಿರುದು, ಪದಕಗಳನ್ನು ಹಿಂತಿರುಗಿಸಿದರು. ಜನ ಅವರಿಗೆ ‘ಮಸೀಹ್-ಉಲ್-ಮುಲ್ಕ್’ ಎಂದು ತಮ್ಮದೇ ಬಿರುದು ಕೊಟ್ಟರು. ಅದೇ ವರ್ಷ ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿದಾಗ ಅದರ ಮೊದಲ ಕುಲಪತಿ ಅವರೇ. ಹಣವಿಲ್ಲದೆ ಜಾಮಿಯಾ ಮುಚ್ಚುವ ಸ್ಥಿತಿಗೆ ಬಂದಾಗ, 1925ರಲ್ಲಿ ಅದನ್ನು ತಮ್ಮ ಕರೋಲ್ ಬಾಗಿಗೆ ಕರೆತಂದು ಆಸರೆ ಕೊಟ್ಟರು. 1921ರಲ್ಲಿ ಕಾಂಗ್ರೆಸ್ಸಿನ ಚುನಾಯಿತ ಅಧ್ಯಕ್ಷ ಚಿತ್ತರಂಜನ್ ದಾಸರು ಜೈಲಿನಲ್ಲಿದ್ದುದರಿಂದ ಅವರ ಬದಲು ಹಕೀಮರು ಅಧ್ಯಕ್ಷತೆ ವಹಿಸಿದರು. ಮುಂದಿನ ವರ್ಷಗಳ ಹಿಂದೂ-ಮುಸ್ಲಿಂ ಗಲಭೆಗಳು ಅವರ ಆರೋಗ್ಯವನ್ನೇ ತಿಂದುಹಾಕಿದವು. ಹೃದಯದ ಕಾಯಿಲೆಯಿಂದ 1927ರ ಡಿಸೆಂಬರಿನಲ್ಲಿ ರಾಮಪುರದಲ್ಲಿ ತೀರಿಕೊಂಡರು. ದೆಹಲಿಯಲ್ಲಿ ದಫನ್ ಮಾಡಿದರು.

ಸಾಯುವ ಮೊದಲು ಅವರು ಮಾಡಿದ ಒಂದು ಆಯ್ಕೆಯ ಫಲ ಆಮೇಲೆ ಕಂಡಿತು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರ ಓದಿ ಡಾಕ್ಟರೇಟ್ ಪಡೆದ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ತರುಣನಿಗೆ ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ವಿಭಾಗ ಕಟ್ಟುವಂತೆ ಅವರು ಸಲಹೆ ಕೊಟ್ಟಿದ್ದರು. ಸಿದ್ದೀಕಿಯವರು ಹಕೀಮರ, ವೈದ್ಯರ ಹಳೆಯ ಮದ್ದಾದ ಸರ್ಪಗಂಧದ ಬೇರನ್ನು ಕೈಗೆತ್ತಿಕೊಂಡರು. 1931ರಲ್ಲಿ ಅದರಿಂದ ಒಂದು ಆಲ್ಕಲಾಯ್ಡನ್ನು ಬೇರ್ಪಡಿಸಿ, ತೀರಿಹೋದ ಹಕೀಮರ ನೆನಪಿಗೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹೃದಯದ ಬಡಿತದ ಲಯ ತಪ್ಪುವ ರೋಗಗಳಿಗೆ ಅದು ಔಷಧವಾಯಿತು. ಬ್ರುಗಾಡಾ ಸಿಂಡ್ರೋಮ್ ಎಂಬ ಅಪಾಯಕಾರಿ ಹೃದಯದೋಷವನ್ನು ಪತ್ತೆ ಹಚ್ಚುವ ಪರೀಕ್ಷೆಯಲ್ಲಿ ಇಂದಿಗೂ ಹಲವು ದೇಶಗಳ ಹೃದ್ರೋಗ ತಜ್ಞರು ಅದನ್ನು ಬಳಸುತ್ತಾರೆ. ಹೃದಯದ ಕಾಯಿಲೆಯಿಂದ ಹೋದವರ ಹೆಸರು ಹೃದಯದ ಔಷಧಕ್ಕೆ ಬಂತು. ಅದೇ ಬೇರಿನಿಂದ 1952ರಲ್ಲಿ ಯುರೋಪಿನವರು ರಕ್ತದೊತ್ತಡದ ಔಷಧ ರೆಸರ್ಪೀನ್ ತೆಗೆದರು.

ಅವರು ಕೇಳಿದ ಸನದು ಅವರು ಹೋಗಿ 11 ವರ್ಷಕ್ಕೆ ಸಿಕ್ಕಿತು, ಅದೂ ಮುಂಬಯಿ ಪ್ರಾಂತದಲ್ಲಿ. 1938ರ ಬಾಂಬೆ ಮೆಡಿಕಲ್ ಪ್ರಾಕ್ಟೀಷನರ್ಸ್ ಕಾಯ್ದೆ ಆಯುರ್ವೇದ, ಯುನಾನಿ ವೈದ್ಯರ ಹೆಸರು ಬರೆಯಲು ಸರ್ಕಾರಿ ಪಟ್ಟಿ ತೆರೆಯಿತು. 26 ವರ್ಷ ಮೊದಲು ಬಾಗಿಲು ಹಾಕಿದ ಅದೇ ಪ್ರಾಂತ! ಗೋಕಾಕ, ಹುಕ್ಕೇರಿಯ ಹಕೀಮರು, ವೈದ್ಯರು ಕಾನೂನಿನ ಪ್ರಕಾರ ವೈದ್ಯರೆನಿಸಿಕೊಳ್ಳುವ ದಾರಿ ತೆರೆದದ್ದು ಆಗ. ಏಕೀಕರಣದ ನಂತರ 1961ರಲ್ಲಿ ನಮ್ಮ ರಾಜ್ಯವೇ ಇದಕ್ಕೆ ಕಾಯ್ದೆ ಮಾಡಿತು. 1970ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಬಂತು, 2020ರಲ್ಲಿ ಅದರ ಜಾಗಕ್ಕೆ ಭಾರತೀಯ ವೈದ್ಯ ಪದ್ಧತಿಯ ರಾಷ್ಟ್ರೀಯ ಆಯೋಗ ಬಂತು.

ಇಂದು ಹಕೀಮರಾಗಬೇಕೆಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ನೀಟ್ ಬರೆಯಬೇಕು. ಬಿಯುಎಂಎಸ್ ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅಂಗರಚನೆ, ಶರೀರಕ್ರಿಯೆಯಿಂದ ಹಿಡಿದು ಇಲಾಜ್-ಬಿತ್-ತದ್ಬೀರ್ ಎಂಬ ಹಿಜಾಮಾ, ಮಾಲೀಷು ಮೊದಲಾದ ಚಿಕಿತ್ಸೆಗಳವರೆಗೆ ಪಾಠ ಇದೆ. ನಮಗೆ ಹತ್ತಿರದ್ದು ವಿಜಯಪುರದ ಲುಕ್ಮಾನ್ ಯುನಾನಿ ಕಾಲೇಜು. ಕಲಬುರಗಿಯಲ್ಲಿ ಟಿಪ್ಪು ಸುಲ್ತಾನ್ ಕಾಲೇಜು ಇದೆ, ಬೆಂಗಳೂರಿನಲ್ಲಿ ಸರ್ಕಾರಿ ಯುನಾನಿ ಕಾಲೇಜು ಇದೆ. ಮುಂದೆ ಎಂ.ಡಿ. ಓದುವವರಿಗೆ ಬೆಂಗಳೂರಿನಲ್ಲೇ 1984ರಲ್ಲಿ ಶುರುವಾದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಪದವಿ ಕೈಗೆ ಬಂದರೆ ಸಾಲದು. ರಾಜ್ಯದ ಆಯುರ್ವೇದ ಮತ್ತು ಯುನಾನಿ ವೈದ್ಯರ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಸ್ವಂತ ದವಾಖಾನೆ ಇಡುವುದಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ಅದರ ನೋಂದಣಿಯೂ ಬೇಕು.

ಎಂಬಿಬಿಎಸ್ ಸಿಗಲಿಲ್ಲ, ಇದಾದರೂ ಇರಲಿ ಎಂದು ಬಿಯುಎಂಎಸ್ ಸೇರಿ, ಮುಂದೆ ಊರಿಗೆ ಬಂದು ಬರೀ ಇಂಜೆಕ್ಷನ್, ಸಲೈನ್ ಕೊಟ್ಟು ಕೂರುವ ಯೋಚನೆ ಕೆಲವರಿಗೆ ಇರುತ್ತದೆ. ಅಂಥವರು ಒಂದು ತೀರ್ಪನ್ನು ತಿಳಿದಿರಬೇಕು. ಹೋಮಿಯೋಪಥಿ ಪಟ್ಟಿಯಲ್ಲಿದ್ದ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟರು, ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಪರಿಹಾರ ಕೊಡಿಸಿತು. ರಾಜ್ಯ ಸರ್ಕಾರ ಪ್ರತ್ಯೇಕವಾಗಿ ಅನುಮತಿ ಕೊಟ್ಟ ಕಡೆ ಮಾತ್ರ ಬೇರೆ ಮಾತು. ಅಜ್ಮಲ್ ಖಾನರು ಬಡಿದಾಡಿದ್ದು ಹಕೀಮನಿಗೆ ಹಕೀಮನಾಗಿಯೇ ಸನದು ಸಿಗಲಿ ಎಂದು. ಆ ಸನದು ಈಗ ಸಿಗುತ್ತದೆ. ಈ ವರ್ಷ ನೀಟ್ ಬರೆಯುವವರಲ್ಲಿ ಉರ್ದು ಓದಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಯುನಾನಿ ಗ್ರಂಥಗಳು ಹೆಚ್ಚಾಗಿ ಇರುವುದು ಉರ್ದು, ಫಾರಸಿ, ಅರಬ್ಬಿಯಲ್ಲಿ. ಸೀಟು ಆರಿಸುವ ಪಟ್ಟಿ ತುಂಬುವಾಗ ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು.